ಮೂಡು ಬದಿಯ ಸಮುದ್ರ ಮತ್ತು ಅಪ್ಪನ ಕ್ಯಾರವಾನ್

ಹೋದ ಶುಕ್ರವಾರ ಪೆಟ್ರೋಲ್ ಬಂಕಿನ ಗಾಳಿ ಹಾಕಿಸುವ ಜಾಗದಲ್ಲಿ ನನ್ನ ಕಾರಿನ ಮುಂದೆ ಒಂದು ಕ್ಯಾರವಾನ್ ನಿಂತಿತ್ತು. ಚಳಿಗಾಲ ಬಂತೆಂದರೆ ಕುವೈತಿನ ರಸ್ತೆಗಳ ತುಂಬ ಇವೇ. ಮರುಭೂಮಿಯಲ್ಲಿ ಡೇರೆ ಹಾಕುವವರು ಜೀಪಿನ ಹಿಂದೆ ಚಕ್ರದ ಮನೆಯೊಂದನ್ನು ಕಟ್ಟಿಕೊಂಡು ಹೊರಟುಬಿಡುತ್ತಾರೆ. ಆ ಯಜಮಾನ ಕೊಂಡಿ ಬಿಚ್ಚಿ, ಜೀಪಿನ ಹಿಂದಿರುವ, ಕೊಂಡಿ ಕೂರುವ ಕಬ್ಬಿಣದ ಗುಂಡಿಗೆ ಬೆರಳಿನಿಂದ ಗ್ರೀಸು ಸವರುತ್ತಿದ್ದ. ನನ್ನ ಕಿಟಕಿ ತೆರೆದಿತ್ತು. ಹಳೆಯ ಗ್ರೀಸು, ಬಿಸಿ ರಬ್ಬರು, ಒಳಗಿನ ಹಾಸಿಗೆಯ ಸ್ಪಂಜಿನಲ್ಲಿ ವರ್ಷವಿಡೀ ಕೂತ ಧೂಳು, ಎಲ್ಲ ಸೇರಿದ ಆ ವಾಸನೆ ಬಂದು ಮುಖಕ್ಕೆ ಬಡಿಯಿತು. ನಾನು ಸುಮ್ಮಸುಮ್ಮನೆ ಅಳುವ ಪೈಕಿಯಲ್ಲ. ಆಫೀಸಿನಲ್ಲಿ ನಾನು ಬಂದರೆ ಜನ ಚಹಾದ ಲೋಟ ಕೆಳಗಿಟ್ಟು ಫೈಲು ಎತ್ತಿಕೊಳ್ಳುತ್ತಾರೆ. ಅಂಥವಳು ಗಾಳಿ ಹಾಕಿಸುವುದನ್ನು ಮರೆತು, ಹಿಂದಿನವನು ಹಾರ್ನ್ ಹೊಡೆಯುತ್ತಿದ್ದರೂ ಕೇಳದೆ, ಬಾಯಿ ತೆರೆದುಕೊಂಡು ಕೂತುಬಿಟ್ಟೆ. ನಿಮಗೂ ಹೀಗೆ ಆಗಿರುತ್ತದೆ. ಇಲ್ಲದ ಮನೆಯೊಂದು ಯಾವುದೋ ವಾಸನೆಯಲ್ಲಿ ಅಡಗಿ ಕೂತಿರುತ್ತದೆ, ಹೇಳದೆ ಕೇಳದೆ ಎದ್ದು ಬರುತ್ತದೆ.

ಆಗ ನಮ್ಮ ಮನೆ ಇದೇ ಕುವೈತಿನ ಮಂಗಫಿನಲ್ಲಿತ್ತು, ನಾಲ್ಕನೇ ಮಹಡಿ. ಅಪ್ಪ ರಿಫೈನರಿಯಲ್ಲಿ ಪಂಪುಗಳನ್ನು ಬಿಚ್ಚಿ ಜೋಡಿಸುವ ಫಿಟ್ಟರ್. ಬಾಗಲಕೋಟೆ ಕಡೆಯವನು, ಹೆಸರು ಬಸವರಾಜ, ಮನೆತನ ಒಕ್ಕಲುತನದ್ದು. ಅಮ್ಮ ಸುಮತಿ ಮುಲ್ಕಿಯವಳು, ಶಾಂಭವಿ ಹೊಳೆಯ ದಂಡೆಯಲ್ಲಿ ಬೆಳೆದವಳು. ಅವಳ ಅಪ್ಪ ಹೊಳೆಯಲ್ಲಿ ಹೆಂಚು ಸಾಗಿಸುವ ದೋಣಿ ಇಟ್ಟಿದ್ದ. ಅವಳು ಬಾಗಲಕೋಟೆಯ ಶಾಲೆಗೆ ಟೀಚರಾಗಿ ಬಂದಾಗ ಇಬ್ಬರಿಗೂ ಪರಿಚಯವಾಗಿ, ಎರಡೂ ಮನೆಯವರು ಮುಖ ಊದಿಸಿಕೊಂಡು, ಕಡೆಗೆ ಮದುವೆ ಆಗಿತ್ತು. ಅವರಿಬ್ಬರ ನಡುವೆ ಇದ್ದ ಭಾಷೆ ಕನ್ನಡವೇ, ಆದರೆ ಎರಡು ಕನ್ನಡ. ಅವನು "ಐತಿ" ಅಂದರೆ ಇವಳು "ಉಂಟು" ಅನ್ನುವಳು. ನಾವಿಬ್ಬರು ಹೆಣ್ಣುಮಕ್ಕಳು ಎರಡನ್ನೂ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆವು. ನನಗೆ ಮಲಪ್ರಭಾ ಹೊಳೆಯ ನೆನಪಿಗೆ ಪ್ರಭಾ ಎಂದು ಅಪ್ಪ ಹೆಸರಿಟ್ಟ. ನಾಲ್ಕು ವರ್ಷದ ಮೇಲೆ ತಂಗಿ ಹುಟ್ಟಿದಾಗ ಅಮ್ಮ ಪಟ್ಟುಹಿಡಿದು ಶಾಂಭವಿ ಎಂದಿಟ್ಟಳು. ಒಂದು ಹನಿ ಹೊಳೆಯ ನೀರಿಲ್ಲದ ದೇಶದಲ್ಲಿ ನಮ್ಮದು ಎರಡು ಹೊಳೆಗಳ ಮನೆ.

ಅಪ್ಪ ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ಸಂಜೆ ಇಳಿಯುತ್ತಿದ್ದ. ನಾವು ಶಾಲೆಗೆ. ಅಮ್ಮನಿಗೆ ಗಂಡನ ಮೇಲಿನ ವೀಸಾ, ಕೆಲಸ ಮಾಡುವ ಹಾಗಿಲ್ಲ. ನಲವತ್ತು ಮಕ್ಕಳ ತರಗತಿಯನ್ನು ಒಂದು ಹುಬ್ಬಿನಲ್ಲಿ ಸುಮ್ಮನಾಗಿಸುತ್ತಿದ್ದ ಸುಮತಿ ಟೀಚರ್ ನಾಲ್ಕನೇ ಮಹಡಿಯಲ್ಲಿ ಕೂತು ಕೆಳಗೆ ನಿಂತ ಕಾರುಗಳನ್ನು ನೋಡುತ್ತಿದ್ದಳು. ಅವಳ ಮಾತು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಹೋದದ್ದು ನನಗೂ ಗೊತ್ತಾಗಿತ್ತು, ಆಗ ನನಗೆ ಹತ್ತೇ ವರ್ಷವಾದರೂ. ಆ ವರ್ಷ ಅಕ್ಟೋಬರಿನಲ್ಲಿ ನನ್ನ ಮಾವ, ಅಂದರೆ ಅಮ್ಮನ ಅಣ್ಣ, ಮುಲ್ಕಿಯಿಂದ ಫೋನ್ ಮಾಡಿದ. ಅಲ್ಲಿಯ ಶಾಲೆಯೊಂದರಲ್ಲಿ ಜೂನಿಗೆ ಜಾಗ ಖಾಲಿಯಾಗುತ್ತದೆ, ಬರುವುದಾದರೆ ಬಾ ಎಂದ. ಅಮ್ಮ ಫೋನ್ ಇಟ್ಟು, ಪಲ್ಯಕ್ಕೆ ಒಗ್ಗರಣೆ ಹಾಕಿ, ಬಡಿಸುತ್ತಾ ಹೇಳಿದಳು: "ಪರೀಕ್ಷೆ ಮುಗಿದ ಕೂಡ್ಲೆ ನಾನು ಮಕ್ಳನ್ನು ಕರ್ಕೊಂಡು ಹೋಗುದು. ನೀವು ಬೇಕಾದ್ರೆ ಇರಿ."

ಹೆಂಡತಿ ಮಕ್ಕಳು ಊರಿಗೆ ಹೋದರೆ ಗಂಡಸಿನ ಗತಿ ಏನೆಂದು ಮಂಗಫಿನಲ್ಲಿ ಎಲ್ಲರಿಗೂ ಗೊತ್ತು. ಮನೆ ಬಿಟ್ಟುಕೊಟ್ಟು ಬ್ಯಾಚುಲರ್ ರೂಮಿಗೆ ಹೋಗುವುದು, ಆರೇಳು ಜನರ ನಡುವೆ ಒಂದು ಮಂಚ, ಮಂಚದ ಕೆಳಗೆ ಸೂಟ್‌ಕೇಸು. ಮಕ್ಕಳು ಫೋನಿನಲ್ಲಿ ಬೆಳೆಯುತ್ತಾರೆ. ಅಪ್ಪನ ಜೊತೆಯವರು ಎಷ್ಟೋ ಮಂದಿ ಹಾಗೇ ಇದ್ದರು. ಅಪ್ಪ ಅನ್ನ ಕಲಸುತ್ತಲೇ ಇದ್ದ, ಬಾಯಿಗಿಡಲಿಲ್ಲ. "ಹಂಗ್ಯಾಕಂತಿ ಸುಮತಿ," ಅಂದ. "ಈ ಥಂಡೀ ದಿನ ಒಂದು ಇಲ್ಲಿ ನೋಡು. ಆಮ್ಯಾಲೆ ನಿನ್ನ ಮರ್ಜಿ." ಆ ಥಂಡಿಯ ದಿನಗಳಲ್ಲಿ ಅವನು ಏನು ತೋರಿಸುತ್ತಾನೆಂದು ಅವನಿಗೇ ಗೊತ್ತಿರಲಿಲ್ಲ ಅಂತ ಈಗ ಅನ್ನಿಸುತ್ತದೆ. ಆದರೆ ಮಾರ್ಚ್ ತಿಂಗಳಿನವರೆಗೆ ಗಡುವು ಸಿಕ್ಕಿತ್ತು.

ಹದಿನೈದು ದಿನದ ಮೇಲೆ ಅಪ್ಪ ಒಂದು ಹಳೆಯ ದೊಡ್ಡ ಜೀಪನ್ನು ಕೆಳಗೆ ತಂದು ನಿಲ್ಲಿಸಿದ. ಜೀಪಿನ ಹಿಂದೆ ಕೆನೆಬಣ್ಣದ ಡಬ್ಬಿಯಂಥದ್ದು, ಪಕ್ಕಕ್ಕೆ ಕಂದು ಪಟ್ಟಿ, ಎರಡು ಕಿಟಕಿ, ಒಂದು ಬಾಗಿಲು, ನಡುವೆ ಎರಡೇ ಚಕ್ರ. ಅದು ಅಬು ಸಾಲೇಮನ ಕ್ಯಾರವಾನ್. ಅಬು ಸಾಲೇಂ ಅಪ್ಪನ ಮೇಲಿನ ಸೂಪರ್‌ವೈಸರ್, ಕುವೈತಿ, ಹೊಟ್ಟೆ ಕುಣಿಸಿ ನಗುವ ಮನುಷ್ಯ. ಹೊಸದೊಂದು ಕೊಂಡ ಮೇಲೆ ಹಳೆಯದು ಅವನ ಅಂಗಳದಲ್ಲಿ ಬಿದ್ದಿತ್ತು. ಜೀಪನ್ನೂ ಸೇರಿಸಿ "ಓಡಿಸಿಕೋ, ಬೇಡವಾದಾಗ ತಂದು ನಿಲ್ಲಿಸು" ಎಂದು ಕೀಲಿ ಕೊಟ್ಟಿದ್ದ. ನಾವು ಅಕ್ಕತಂಗಿಯರು ಒಳಗೆ ನುಗ್ಗಿ ಕಿರುಚಿದೆವು. ಊಟದ ಮೇಜು ಮಡಚಿದರೆ ಮಂಚವಾಗುತ್ತಿತ್ತು. ಮೇಲೆ ಗೂಡಿನಂಥ ಇನ್ನೆರಡು ಮಂಚ. ಎರಡು ಒಲೆಯ ಗ್ಯಾಸು, ಒತ್ತಿದರೆ ನೀರು ಬರುವ ಬೋಗುಣಿಯಷ್ಟು ದೊಡ್ಡ ಸಿಂಕು. ಅಮ್ಮ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಒಳಗೆ ಇಣುಕಿ, ಆ ಒಲೆಯನ್ನೂ ಆ ಸಿಂಕನ್ನೂ ನೋಡಿದಳು. "ಚಂದ ಉಂಟು," ಅಂದಳು. "ನನ್ನ ಅಡುಗೆಮನೆಗೆ ಚಕ್ರ ಹಾಕಿಸಿದ್ದೀರಿ, ಅಷ್ಟೇ ಅಲ್ವಾ ಮಾರಾಯ್ರೆ?" ಅಪ್ಪನ ಮುಖ ನೋಡಬೇಕಿತ್ತು ಆಗ.

ಮೊದಲ ಪ್ರಯಾಣಕ್ಕೆ ಅಮ್ಮ ಒಂದು ವಾರದ ದಂಡಯಾತ್ರೆಗೆ ಹೊರಟಂತೆ ಸಾಮಾನು ತುಂಬಿದಳು. ಅಕ್ಕಿ, ನೀರಿನ ಕ್ಯಾನುಗಳು, ಕುಕ್ಕರು, ರುಬ್ಬುವ ಮಿಷನ್ನು. ಎಲ್ಲವನ್ನೂ ಹಿಂಬದಿಯ ಕಪಾಟಿಗೆ ತುರುಕಿದ್ದಳು, ಅಡುಗೆ ಮಾಡುವಾಗ ಕಾಲಿಗೆ ಸಿಕ್ಕಬಾರದೆಂದು. ಖೈರಾನ್ ಕಡೆಯ ಹೆದ್ದಾರಿಗೆ ಬಂದು ಅಪ್ಪ ಸ್ವಲ್ಪ ವೇಗ ಹಿಡಿದನೋ ಇಲ್ಲವೋ, ಹಿಂದಿನ ಡಬ್ಬಿ ಆ ಕಡೆ ಈ ಕಡೆ ತೊನೆಯಲು ಶುರುಮಾಡಿತು. ಜೀಪಿನ ಅಂಡನ್ನು ಯಾರೋ ಹಿಡಿದು ಜಗ್ಗಿದ ಹಾಗೆ. ಅಮ್ಮ ಮುಲ್ಕಿಯ ದೇವಿಯಿಂದ ಹಿಡಿದು ಎಲ್ಲರನ್ನೂ ಕರೆದಳು. ಅಪ್ಪ ಬ್ರೇಕು ಒತ್ತದೆ, ನಿಧಾನಕ್ಕೆ ಕಾಲೆತ್ತಿ, ಬದಿಗೆ ತಂದು ನಿಲ್ಲಿಸಿ, ಇಳಿದು ಹಿಂದೆ ಹೋಗಿ ಕಪಾಟು ತೆರೆದು ನೋಡಿ ಹಣೆ ಹಣೆ ಚಚ್ಚಿಕೊಂಡ. "ಹಿಂಭಾರ ಆಗೇತಿ! ಬಂಡಿ ಹೇರೂದು ನನಗ ಗೊತ್ತಿರಬೇಕಿತ್ತು. ಎತ್ತಿನ ಬಂಡಿಗಿ ಹಿಂಗ ಹೇರಿದ್ರ ನಮ್ಮಪ್ಪ ಬಾರಕೋಲ ತಗೋತಿದ್ದ." ಬಂಡಿಯ ಭಾರ ಹಿಂದಾದರೆ ನೊಗ ಕಟ್ಟುವ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದಂತೆ, ಮುಂದಾದರೆ ಹೆಗಲು ಒಡೆಯುತ್ತದಂತೆ. ಅಚ್ಚಿನ ಮೇಲೆ ಭಾರ ಕೂರಬೇಕು, ಒಂದು ತೂಕ ಮುಂದೆ. ಹೆದ್ದಾರಿಯ ಪಕ್ಕದಲ್ಲಿ ಲಾರಿಗಳು ಭೋರೆನ್ನುತ್ತಿರುವಾಗ ನಾವು ನಾಲ್ವರೂ ಅಕ್ಕಿಚೀಲ ಎಳೆದು ಚಕ್ರದ ಮೇಲಕ್ಕೆ ತಂದೆವು. ಆಮೇಲೆ ಕ್ಯಾರವಾನ್ ಒಳ್ಳೆಯ ಹಸುವಿನ ಹಾಗೆ ಹಿಂದೆ ಬಂತು. ಅಪ್ಪ ಗೆದ್ದವನಂತೆ ಸಿಳ್ಳೆ ಹಾಕಿದ. ಅಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೂತಿದ್ದಳು.

ಖೈರಾನ್ ದಾಟಿ ಸಮುದ್ರದ ದಂಡೆಯಲ್ಲಿ ಅಬು ಸಾಲೇಮನ ಡೇರೆ. ಅದರ ಪಕ್ಕದ ಗಟ್ಟಿ ನೆಲದಲ್ಲಿ ನಮ್ಮ ಕ್ಯಾರವಾನನ್ನು ಹಿಂದಕ್ಕೆ ತೆಗೆದು ನಿಲ್ಲಿಸಬೇಕು. ಬಲಕ್ಕೆ ಡೇರೆಯ ಹಗ್ಗ, ಎಡಕ್ಕೆ ಸಮುದ್ರದ ಕಡೆಯ ಜವುಗು. ಮೇಲೆ ಒಣಗಿದ ಉಪ್ಪಿನ ಹಪ್ಪಳ, ಕೆಳಗೆ ಕೆಸರು. ಕ್ಯಾರವಾನನ್ನು ಮುಂದೆ ಎಳೆಯುವುದು ಯಾರಿಗಾದರೂ ಬರುತ್ತದೆ, ಹಿಂದಕ್ಕೆ ತಳ್ಳುವುದು ಬೇರೆಯೇ ವಿದ್ಯೆ. ಸ್ಟೇರಿಂಗನ್ನು ನೀವು ಎಡಕ್ಕೆ ತಿರುಗಿಸಿದರೆ ಹಿಂದಿನದು ಬಲಕ್ಕೆ ಹೋಗುತ್ತದೆ. ಅಪ್ಪನಿಗೆ ಅದು ತಲೆಗೆ ಹೋಗಿತ್ತು, ಕೈಗೆ ಬಂದಿರಲಿಲ್ಲ. ಅವನು ಅಮ್ಮನನ್ನು ಹಿಂದೆ ನಿಲ್ಲಿಸಿ "ನೀ ಹೇಳು, ನಾ ತಿರುಗಿಸ್ತೀನಿ" ಅಂದ. ಎಡ ಅಂದರೆ ಯಾರ ಎಡ, ನಿನ್ನದೋ ನನ್ನದೋ, ಜೀಪಿನದೋ ಡಬ್ಬಿಯದೋ ಎಂದು ಐದು ನಿಮಿಷ ವಾಗ್ವಾದವಾಯಿತು. ಕಡೆಗೆ ಅಮ್ಮ ತನ್ನ ಊರಿನ ಪದ್ಧತಿ ಹಿಡಿದಳು. ಕರಾವಳಿಯವರಿಗೆ ಎಡಬಲಕ್ಕಿಂತ ದಿಕ್ಕು ಹತ್ತಿರ. ಮೂಡು ಬದಿಯ ಬಾಗಿಲು, ಪಡು ಬದಿಯ ಬಾವಿ, ತೆಂಕು ಬದಿಯ ಚಾವಡಿ ಎಂದೇ ಅವರ ಲೆಕ್ಕ. ಪಡು ಎಂದರೆ ಪಶ್ಚಿಮ. ಅಲ್ಲಿ ಸಮುದ್ರ ಇರುವುದು ಪಡುವಣಕ್ಕೆ, ಹುಟ್ಟಿದಾಗಿನಿಂದ ಅದು ಅಲ್ಲೇ ಇದೆ. ಹಾಗಾಗಿ ಅಮ್ಮ ಕೈ ಬೀಸಿ ಕೂಗಿದಳು: "ಪಡು ಬದಿಗೆ ಬೇಡ! ಮೂಡು ಬದಿಗೆ ತಕ್ಕೊಳ್ಳಿ, ಮೂಡು ಬದಿಗೆ!"

ಸಮುದ್ರದ ಕಡೆ ಬೇಡ, ನೆಲದ ಕಡೆಗೆ ತೆಗೆದುಕೊಳ್ಳಿ ಎಂದು ಅವಳ ಅರ್ಥ. ಆದರೆ ಕುವೈತಿನಲ್ಲಿ ಸಮುದ್ರ ಇರುವುದು ಪೂರ್ವಕ್ಕೆ. ಅಪ್ಪ ಬಯಲುಸೀಮೆಯವನು, ಅವನಿಗೆ ದಿಕ್ಕು ತೋರಿಸುವವನು ಸೂರ್ಯ, ಸಮುದ್ರವಲ್ಲ. ಬೆಳಗಿನ ಹತ್ತು ಗಂಟೆಯ ಸೂರ್ಯ ನೀರಿನ ಮೇಲೆ ಹೊಳೆಯುತ್ತಿದ್ದ. ಅಪ್ಪ ಹೆಂಡತಿಯ ಮಾತಿಗೆ ಮರ್ಯಾದೆ ಕೊಟ್ಟು, ಸೂರ್ಯನನ್ನು ನೋಡಿ, ಮೂಡು ಬದಿಗೇ ತೆಗೆದುಕೊಂಡ. ಅಮ್ಮ "ಅಯ್ಯೋ ಅಯ್ಯೋ ಮೂಡು, ಮೂಡು!" ಎಂದು ಕೂಗಿದಷ್ಟೂ ಅವನು ಆ ಕಡೆಗೇ ಒತ್ತಿದ. ಉಪ್ಪಿನ ಹಪ್ಪಳ ಪಟಪಟ ಒಡೆಯಿತು. ಕ್ಯಾರವಾನಿನ ಒಂದು ಚಕ್ರ ಪೂರ್ತಿ ಕೆಸರಿಗಿಳಿದು, ಡಬ್ಬಿ ಒಂದು ಕಡೆಗೆ ವಾಲಿ, ಒಳಗಿನ ಪಾತ್ರೆಗಳೆಲ್ಲ ಒಟ್ಟಿಗೆ ಬಿದ್ದ ಸದ್ದಾಯಿತು. ಶಾಂಭವಿ ಚಪ್ಪಾಳೆ ತಟ್ಟಿ "ಡೂ ಇಟ್ ಅಗೇನ್ ಅಪ್ಪ!" ಅಂದಳು.

ಅಪ್ಪ ಇಳಿದು ಬಂದ. "ಮೂಡು ಅಂದ್ರ ಹೊತ್ತು ಮೂಡೂ ಕಡಿ ಹೌದಲ್ಲ? ಅಲ್ಲೈತಿ ನೋಡು ಸೂರ್ಯ! ನಾ ಏನ್ ತಪ್ಪು ಮಾಡೇನಿ ಹೇಳು!"

"ಸಮುದ್ರ ಎಲ್ಲಿರುದು? ಪಡುವಲ್ಲಿ!" ಅಂದಳು ಅಮ್ಮ. ಅಂದವಳು ಸಮುದ್ರ ನೋಡಿದಳು, ಸೂರ್ಯನನ್ನು ನೋಡಿದಳು, ಮತ್ತೆ ಸಮುದ್ರ ನೋಡಿದಳು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅಪ್ಪನಿಗೂ ನಗು ಬಂದಿತ್ತು, ತಡೆದುಕೊಂಡಿದ್ದ. ಆದರೆ ಅಮ್ಮ ಅಲ್ಲೇ ಮರಳಿನ ಮೇಲೆ ಕೂತುಬಿಟ್ಟಳು. "ಇಲ್ಲಿ ಸಮುದ್ರ ಸಹ ಸರಿಯಾದ ಬದಿಯಲ್ಲಿ ಇಲ್ಲ," ಅಂದಳು. "ಆರು ವರ್ಷ ಆಯ್ತು, ನನಗೆ ಇಲ್ಲಿ ಯಾವುದೂ ಸರಿಯಾದ ಬದಿಯಲ್ಲಿ ಸಿಗ್ಲಿಲ್ಲ. ನಾನು ಹೋಗ್ತೇನೆ ಮಾರಾಯ್ರೆ." ನಮ್ಮ ನಗು ಅಲ್ಲಿಗೇ ನಿಂತಿತು. ಅಮ್ಮ ಅಳುವುದನ್ನು ಅವತ್ತೇ ಮೊದಲು ನೋಡಿದ್ದು ನಾನು. ಅಪ್ಪ ಅವಳ ಪಕ್ಕ ಕೂತ, ಅವಳ ಚಪ್ಪಲಿಗೆ ಹತ್ತಿದ ಕೆಸರನ್ನು ಕಡ್ಡಿಯಿಂದ ಕೆರೆದು ತೆಗೆಯುತ್ತಿದ್ದ.

ಅಷ್ಟರಲ್ಲಿ ಡೇರೆಯಿಂದ ಅಬು ಸಾಲೇಮನ ಹೆಂಡತಿ ಬಂದಳು. ಎಲ್ಲರೂ ಅವಳನ್ನು ಉಮ್ ಸಾಲೇಂ, ಸಾಲೇಮನ ತಾಯಿ, ಎಂದೇ ಕರೆಯುವುದು. ಮೈತುಂಬ ಕಪ್ಪು ಅಬಾಯಾ, ಕಾಲಿಗೆ ಗಂಡಸರ ಬೂಟು, ಕೈಯಲ್ಲಿ ಅರ್ಧ ಕುಡಿದ ಚಹಾ. ಹಗ್ಗ ಕಟ್ಟಿಸಿ, ತನ್ನ ಗಾಡಿಯನ್ನು ತಾನೇ ಓಡಿಸಿ, ನಮ್ಮ ಜೀಪು ಕ್ಯಾರವಾನು ಎರಡನ್ನೂ ಒಂದೇ ಎಳೆತಕ್ಕೆ ಗಟ್ಟಿ ನೆಲಕ್ಕೆ ತಂದಳು. ಆಮೇಲೆ ಅಪ್ಪನ ಕಡೆ ಒಮ್ಮೆ ನೋಡಿ, ಅಳುತ್ತಿದ್ದ ಅಮ್ಮನ ಕಡೆ ನೋಡಿ, ಅವಳ ರಟ್ಟೆ ಹಿಡಿದೆತ್ತಿದಳು. "ಯಲ್ಲಾ, ತಆಲಿ," ಬಾ ಅಂದಳು. ಜೀಪಿನ ಬಾಗಿಲು ತೆರೆದು ಸ್ಟೇರಿಂಗಿನ ಮುಂದೆ ಕೂರಿಸಿದಳು. ಅಮ್ಮ ಜನ್ಮದಲ್ಲಿ ಸೈಕಲ್ಲನ್ನೂ ಓಡಿಸಿದವಳಲ್ಲ. ಬೇಡ ಬೇಡ ಅಂದಳು. ಉಮ್ ಸಾಲೇಮಿಗೆ ಕನ್ನಡ ಬಾರದು, ಬೇಡ ಅಂದರೆ ಬೇಕು ಅಂತ ತಿಳಿದಳೋ ಏನೋ, ಪಕ್ಕದ ಸೀಟಿಗೆ ಹತ್ತಿ ಕೂತೇಬಿಟ್ಟಳು.

ಅವತ್ತು ಮಧ್ಯಾಹ್ನವೆಲ್ಲ ಡೇರೆಯಿಂದ ದೂರದ ಬಟಾಬಯಲಿನಲ್ಲಿ, ತಗಲುವುದಕ್ಕೆ ಏನೂ ಇಲ್ಲದ ಕಡೆ, ಅವರಿಬ್ಬರು ಕ್ಯಾರವಾನನ್ನು ಹಿಂದಕ್ಕೆ ತಳ್ಳಿದರು. ಮೊದಮೊದಲು ಅದು ಚಾಕುವಿನ ಹಾಗೆ ಮಡಚಿಕೊಳ್ಳುತ್ತಿತ್ತು. ಉಮ್ ಸಾಲೇಂ ಸ್ಟೇರಿಂಗಿನ ಕೆಳಭಾಗ ಹಿಡಿಯಲು ಕಲಿಸಿದಳು. ಕೆಳಗೆ ಹಿಡಿದರೆ ಕೈ ಹೋದ ಕಡೆಗೇ ಹಿಂದಿನದೂ ಹೋಗುತ್ತದೆ, ತಲೆ ಕೆಡುವುದಿಲ್ಲ. ಅಮ್ಮ ಸ್ವಲ್ಪ ಹೊತ್ತು ಹಾಗೆ ಮಾಡಿ, ಆಮೇಲೆ ಕೈಯನ್ನು ಮೇಲಕ್ಕೆ ಒಯ್ದಳು. ಒಂದು ಚೂರು ತಿರುಗಿಸಿದಳು, ಕಾದಳು. ಮತ್ತೊಂದು ಚೂರು, ಮತ್ತೆ ಕಾದಳು. ಕ್ಯಾರವಾನ್ ನೆಟ್ಟಗೆ ಹಿಂದಕ್ಕೆ ಹೋಯಿತು, ದಾರದಲ್ಲಿ ಎಳೆದ ಹಾಗೆ. ನಾನೂ ಅಪ್ಪನೂ ಓಡಿದೆವು. ಅಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕೆಂಪಾದ ಮೂಗಿನಲ್ಲೇ, "ಇದು ಚುಕ್ಕಾಣಿ ಅಲ್ವಾ!" ಎಂದು ಕೂಗಿದಳು. "ಕೈ ಒಂದು ಬದಿಗೆ, ದೋಣಿ ಇನ್ನೊಂದು ಬದಿಗೆ! ನನ್ನಪ್ಪ ದೋಣಿಯ ನೀರು ಮೊಗೆಯುವಾಗ ನಾನೇ ಹಿಡೀತಿದ್ದದ್ದು! ಮೊದ್ಲೇ ಹೇಳ್ಬಾರ್ದಾ ನೀವು?" ಹೆಂಚಿನ ದೋಣಿ ಭಾರಕ್ಕೆ ತಡವಾಗಿ ಮಾತು ಕೇಳುತ್ತದಂತೆ. ಚುಕ್ಕಾಣಿಯನ್ನು ಸ್ವಲ್ಪವೇ ಒತ್ತಿ ದೋಣಿ ಒಪ್ಪುವವರೆಗೆ ಕಾಯಬೇಕಂತೆ, ಅವಸರ ಮಾಡಿದವನು ದಡಕ್ಕೆ ಗುದ್ದುತ್ತಾನಂತೆ. ಎಂಟು ವರ್ಷದ ಹುಡುಗಿಯ ಕೈಗೆ ಬಂದದ್ದು ಮೂವತ್ತೈದು ವರ್ಷದ ಹೆಂಗಸಿನ ಕೈಯಲ್ಲಿ ಹಾಗೇ ಇತ್ತು. ಸಂಜೆಯ ಹೊತ್ತಿಗೆ ಅವಳು ಡೇರೆಯ ಹಗ್ಗಕ್ಕೂ ಜವುಗಿಗೂ ನಡುವೆ ಕ್ಯಾರವಾನನ್ನು ತಂದು ನಿಲ್ಲಿಸಿದಳು. ಎರಡೂ ಕಡೆ ಒಂದೊಂದು ಮೊಳ ಜಾಗವಿತ್ತು.

ಅಲ್ಲಿಂದ ಮನೆಯ ಕಾನೂನು ಬದಲಾಯಿತು. ಅಮ್ಮನಿಗೆ ಲೈಸೆನ್ಸ್ ಇಲ್ಲ, ಕೊನೆಯವರೆಗೂ ಸಿಗಲಿಲ್ಲ. ಹಾಗಾಗಿ ರಸ್ತೆಯ ಮೇಲೆ ಅಪ್ಪ, ಮರಳಿನ ಮೇಲೆ ಅಮ್ಮ. ಡಾಂಬರು ಮುಗಿದ ಜಾಗದಲ್ಲಿ ಅಪ್ಪ ಗಾಡಿ ನಿಲ್ಲಿಸಿ ಇಳಿದು ಸುತ್ತಿ ಬರುತ್ತಿದ್ದ, ಅಮ್ಮ ಒಳಗಿಂದಲೇ ಸರಿದು ಕೂರುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕನ್ನಡಿ ಸರಿಮಾಡಿ, "ಎಲ್ರೂ ಬಾಯಿ ಮುಚ್ಚಿ" ಎಂದು ಟೀಚರ್ ಧ್ವನಿಯಲ್ಲಿ ಹೇಳುತ್ತಿದ್ದಳು. ಆ ಧ್ವನಿ ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ರಜೆಯ ಶುಕ್ರವಾರ ಬಂದರೆ ಸಾಕು ನಾವು ಹೊರಡುತ್ತಿದ್ದೆವು. ಗುರುವಾರ ಸಂಜೆ ಅಪ್ಪ ಕೊಂಡಿಯ ಗುಂಡಿಗೆ ಗ್ರೀಸು ಸವರುವುದು, ಸರಪಳಿ ತೊಡಿಸುವುದು, ಹಿಂದಿನ ದೀಪದ ವಯರು ಚುಚ್ಚಿ ನನ್ನನ್ನು ಹಿಂದೆ ನಿಲ್ಲಿಸಿ "ಹತ್ತಿತೇನ ಯವ್ವಾ?" ಎಂದು ಕೇಳುವುದು. ಆ ಗ್ರೀಸನ್ನು ಅವನು ತುಪ್ಪದ ಖಾಲಿ ಡಬ್ಬಿಯಲ್ಲಿಟ್ಟಿದ್ದ. ಒಮ್ಮೆ ಅದನ್ನೇ ತುಪ್ಪವೆಂದು ಚಮಚದಲ್ಲಿ ತೆಗೆದು ದೋಸೆಯ ಹತ್ತಿರ ಒಯ್ದವನು ಸ್ವತಃ ಅವನೇ. ಅಮ್ಮ ಅದನ್ನು ಏಳು ವರ್ಷ ಆಡಿಕೊಂಡಳು.

ಕ್ಯಾರವಾನಿನ ಆ ದಿನಗಳನ್ನು ನಿಮಗೆ ಹೇಗೆ ಕೊಡಲಿ? ಬೆಳಿಗ್ಗೆ ತಗಡಿನ ಮೇಲೆ ಇಬ್ಬನಿ ತೊಟ್ಟಿಕ್ಕುವ ಸದ್ದಿಗೆ ಎಚ್ಚರ. ಕೆಳಗಿನ ಮಂಚದಲ್ಲಿ ಅಪ್ಪನ ಗೊರಕೆ, ಮೇಲಿನ ಗೂಡಿನಲ್ಲಿ ನನ್ನ ಹೊಟ್ಟೆಗೆ ಶಾಂಭವಿಯ ಮೊಣಕಾಲು. ಒಬ್ಬರು ಎದ್ದರೆ ಇಡೀ ಮನೆ ಅಲುಗುತ್ತಿತ್ತು. ಮಂಗಫಿನ ಮನೆಯಲ್ಲಿ ನಾಲ್ಕು ಜನ ನಾಲ್ಕು ಮೂಲೆಯಲ್ಲಿರುತ್ತಿದ್ದೆವು. ಇಲ್ಲಿ ಮೂಲೆಯೇ ಇರಲಿಲ್ಲ. ಕೆಲಸದ ದಿನಗಳಲ್ಲಿ ನಾನು ನೋಡುತ್ತಿದ್ದದ್ದು ಬಸ್ಸಿನಿಂದ ಇಳಿದು ಬಂದ, ದಣಿದ, ಎಣ್ಣೆ ವಾಸನೆಯ ಅಪ್ಪನನ್ನು. ಕ್ಯಾರವಾನಿನಲ್ಲಿ ಅವನು ಲುಂಗಿ ಉಟ್ಟು ಜೋಳದ ರೊಟ್ಟಿ ಬಡಿಯುತ್ತಿದ್ದ. ಹೌದು, ಅಪ್ಪನೇ. ಅಡುಗೆಮನೆಗೆ ಚಕ್ರ ಹಾಕಿಸಿದ್ದೀರಿ ಎಂಬ ಮಾತು ಅವನಿಗೆ ನಾಟಿತ್ತು. ಚಕ್ರ ನಿಂತ ಮೇಲೆ ಒಲೆ ಅವನದು ಎಂದು ತೀರ್ಮಾನಿಸಿದ್ದ. ರೊಟ್ಟಿ ಕುವೈತಿನ ನಕಾಶೆಯ ಹಾಗೆ ಬರುತ್ತಿದ್ದವು, ಅಂಚು ಸುಟ್ಟು, ನಡುವೆ ಹಸಿ. ಅಮ್ಮ ಹೊರಗೆ ಕುರ್ಚಿ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ, ಉಮ್ ಸಾಲೇಮಿನ ಜೊತೆ ಚಹಾ ಕುಡಿಯುತ್ತಿದ್ದಳು. ಒಬ್ಬಳದು ಅರಬ್ಬಿ, ಒಬ್ಬಳದು ಮುಲ್ಕಿ ಕನ್ನಡ. ಏನು ಮಾತಾಡುತ್ತಿದ್ದರೋ ದೇವರಿಗೇ ಗೊತ್ತು, ಗಂಟೆಗಟ್ಟಲೆ ಮುಗಿಯುತ್ತಿರಲಿಲ್ಲ.

ಸುತ್ತಲಿನ ಡೇರೆಗಳವರಿಗೂ ಸುದ್ದಿ ಹೋಯಿತು. ಗಂಡಸರು ಮೂರು ಸಲ ಒದ್ದಾಡಿ ಕ್ಯಾರವಾನ್ ನಿಲ್ಲಿಸಲಾಗದಿದ್ದರೆ ಯಾರಾದರೂ ನಮ್ಮ ಬಾಗಿಲಿಗೆ ಬಂದು "ಉಮ್ ಪ್ರಭಾ!" ಎಂದು ಕರೆಯುತ್ತಿದ್ದರು. ಹಿರಿಯ ಮಗುವಿನ ಹೆಸರಿನಿಂದ ತಾಯಿಯನ್ನು ಕರೆಯುವುದು ಅಲ್ಲಿಯ ಮರ್ಯಾದೆ. ನನ್ನ ಹೆಸರು ಅಷ್ಟು ಗತ್ತಿನಿಂದ ಬೇರೆ ಯಾರೂ ಉಚ್ಚರಿಸಿಲ್ಲ. ಅಮ್ಮ ಎದ್ದು, ಸೀರೆ ಕೊಡವಿ, ಹೋಗಿ ಒಂದೇ ಸಲಕ್ಕೆ ನಿಲ್ಲಿಸಿ ಬರುತ್ತಿದ್ದಳು. ಕೆಲವೊಮ್ಮೆ ನಿಲ್ಲಿಸದೆ, ಆ ಮನೆಯ ಹೆಂಗಸನ್ನು ಕೂರಿಸಿ ತಾನು ಪಕ್ಕದಲ್ಲಿ ಕೂತು ಕಲಿಸುತ್ತಿದ್ದಳು. "ಸ್ವಲ್ಪ, ಸ್ವಲ್ಪ. ಈಗ ಕಾಯಿ." ಕಲಿಸುವಾಗ ಅವಳ ಮುಖ ನೋಡಿದ್ದರೆ ನಿಮಗೂ ಸಂತೋಷವಾಗುತ್ತಿತ್ತು. ಅಪ್ಪ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದ. ಮಾರ್ಚ್ ಹತ್ತಿರ ಬರುತ್ತಿತ್ತಲ್ಲ.

ಮಾರ್ಚ್ ಬಂತು. ಚಳಿ ಮುಗಿದು ಎಲ್ಲರೂ ಡೇರೆ ಕಿತ್ತರು. ನಮ್ಮ ಪರೀಕ್ಷೆ ಮುಗಿದ ದಿನ ಮಾವನ ಫೋನ್ ಬಂತು, ಶಾಲೆಯವರು ಉತ್ತರ ಕೇಳುತ್ತಿದ್ದಾರೆ ಎಂದು. ಅಮ್ಮ "ನಾಳೆ ಹೇಳ್ತೇನೆ" ಅಂದಳು. ಊಟಕ್ಕೆ ಕೂತೆವು. ಅಪ್ಪ ತಟ್ಟೆಯ ಮೇಲಿಂದ ಕಣ್ಣೆತ್ತಲಿಲ್ಲ. ಅಮ್ಮ ಸಾರು ಬಡಿಸುತ್ತಾ, ಎಷ್ಟೋ ದಿನದಿಂದ ಮಾತಾಡಿಕೊಂಡ ವಿಷಯದ ಹಾಗೆ, "ಆ ಬಲದ ಟೈರು ಮುಂದಿನ ನವೆಂಬರಿಗೆ ಮೊದ್ಲು ಬದಲಿಸ್ಬೇಕು. ತೀರಾ ಸವೆದಿದೆ," ಅಂದಳು. ಅಪ್ಪ "ಹೂಂ" ಅಂದ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ. ಕೂತವನು ಮತ್ತೆ ಎದ್ದು ಹೋಗಿ ಮತ್ತೊಮ್ಮೆ ತೊಳೆದುಕೊಂಡ. ಮುಲ್ಕಿಯ ಆ ಕೆಲಸ ಬೇರೆ ಯಾರಿಗೋ ಹೋಯಿತು.

ಹಾಗೆ ಏಳು ಚಳಿಗಾಲ ಸಿಕ್ಕಿತು ನಮಗೆ. ಗಲ್ಫಿನಲ್ಲಿ ಬದುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಲಸ ಮುಗಿದರೆ ಅಲ್ಲಿರಲು ಪರವಾನಗಿಯಾದ ಇಕಾಮಾ ಮುಗಿಯಿತು, ಇಕಾಮಾ ಮುಗಿದರೆ ಮನೆ ಮುಗಿಯಿತು. ಅಲ್ಲಿ ಎಷ್ಟು ವರ್ಷ ಇದ್ದೆ, ನಿನ್ನ ಮಕ್ಕಳು ಎಲ್ಲಿ ಬೆಳೆದರು, ನಿನ್ನ ಹೆಂಡತಿಯ ಗೆಳತಿ ಯಾರು ಎಂದು ಯಾರೂ ಕೇಳುವುದಿಲ್ಲ. ನಾನು ಹನ್ನೆರಡನೆಯ ತರಗತಿಯಲ್ಲಿದ್ದಾಗ ಅಪ್ಪನ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಒಂದು ಸಂಜೆ ಬಸ್ಸಿಳಿದು ಬಂದವನು ಬೂಟು ಬಿಚ್ಚದೆ ಕೂತು "ಖಲಾಸ್" ಅಂದ. ಆ ಒಂದು ಪದದಲ್ಲಿ ಎಲ್ಲ ಬಂತು. ಅಮ್ಮ ಮಾರನೆಯ ದಿನದಿಂದ ಪೆಟ್ಟಿಗೆ ಕಟ್ಟಲು ಶುರುಮಾಡಿದಳು. ಮಂಚ, ಫ್ರಿಜ್ಜು, ಹೊಲಿಗೆ ಮಿಷನ್ನು ಒಬ್ಬೊಬ್ಬರ ಮನೆಗೆ ಹೋದವು. ಉಳಿದದ್ದು ಕ್ಯಾರವಾನ್. ಅದು ನಮ್ಮದಲ್ಲ, ಅಬು ಸಾಲೇಮನದು, ಅವನ ಅಂಗಳಕ್ಕೆ ಮರಳಿಸಬೇಕು.

ಅವನ ಮನೆಯ ಹಿಂದೆ ದೊಡ್ಡ ಮರಳಿನ ಅಂಗಳವಿತ್ತು, ಸುತ್ತ ಗೋಡೆ, ಮೂಲೆಯಲ್ಲಿ ತಗಡಿನ ಚಪ್ಪರ. ಮಧ್ಯಾಹ್ನದ ಪ್ರಾರ್ಥನೆ ಮುಗಿದ ಹೊತ್ತು. ಗೇಟಿನ ಹತ್ತಿರ ಡಾಂಬರು ಮುಗಿಯುವಲ್ಲಿ ಅಪ್ಪ ಎಂದಿನಂತೆ ನಿಲ್ಲಿಸಿ ಇಳಿದ. ಅಮ್ಮ ಎಂದಿನಂತೆ ಸರಿದು ಕೂತಳು. ಬಾಯಿ ಮುಚ್ಚಿ ಎಂದು ಹೇಳಲಿಲ್ಲ, ನಾವು ಯಾರೂ ಮಾತಾಡುತ್ತಿರಲಿಲ್ಲ. ಒಂದೇ ಸಲಕ್ಕೆ, ಎಲ್ಲೂ ತಡೆಯದೆ, ಚಪ್ಪರದ ಎರಡು ಕಂಬಗಳ ನಡುವೆ ಕ್ಯಾರವಾನ್ ಹೋಗಿ ನಿಂತಿತು. ನೂಲು ಹಿಡಿದು ಅಳೆದರೂ ತಪ್ಪು ಸಿಕ್ಕುತ್ತಿರಲಿಲ್ಲ. ನಾನೂ ಶಾಂಭವಿಯೂ ಇಳಿದೆವು. ಅಮ್ಮ ಇಳಿಯಲಿಲ್ಲ. ಎಂಜಿನ್ನು ಓಡುತ್ತಲೇ ಇತ್ತು. ಅಪ್ಪ ಹೋಗಿ ಕಿಟಕಿಯ ಹತ್ತಿರ ನಿಂತ.

"ಬಂದ್ ಮಾಡು ಸುಮತಿ. ಕೊಂಡಿ ಬಿಚ್ಚೂಣು."

ಅಮ್ಮ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟುಕೊಂಡು ಮುಂದೆ ನೋಡುತ್ತಾ ಹೇಳಿದಳು: "ನನಗೆ ಹೋಗ್ಲಿಕ್ಕೆ ಮನಸ್ಸಿಲ್ಲ."

ಏಳು ವರ್ಷದ ಹಿಂದೆ ಹೋಗುತ್ತೇನೆ ಎಂದವಳನ್ನು ನಿಲ್ಲಿಸಿಕೊಳ್ಳಲು ಪಾಡುಪಟ್ಟವನು ಅಪ್ಪ. ಈಗ ಅವಳೇ ಇರುತ್ತೇನೆ ಅನ್ನುತ್ತಿದ್ದಾಳೆ, ಇರಿಸಿಕೊಳ್ಳಲು ಅವನ ಕೈಯಲ್ಲಿ ವೀಸಾದ ಒಂದು ಮುದ್ರೆಯೂ ಇಲ್ಲ. ಅವನು ಕ್ಯಾರವಾನಿನ ಸುತ್ತ ಒಂದು ಸುತ್ತು ಹಾಕಿದ. ಬಗ್ಗಿ ಚಕ್ರ ನೋಡಿದ. ಕಂಬದಿಂದ ಕಂಬಕ್ಕೆ ಗೇಣು ಹಾಕಿದ. ವಾಪಸು ಬಂದು, ಗಂಟಲು ಸರಿಮಾಡಿಕೊಂಡು, ಫಿಟ್ಟರ್ ಕೆಲಸದ ಗಂಭೀರ ಧ್ವನಿಯಲ್ಲಿ ಅಂದ: "ಸೊಟ್ಟ ನಿಂತೈತಿ. ಹೊರಗ ತಗದು ಇನ್ನೊಮ್ಮೆ ಹಾಕು."

ಅಮ್ಮ ಕನ್ನಡಿಯಲ್ಲಿ ನೋಡಿದಳು. ಅವನ ಮುಖ ನೋಡಿದಳು. ಗೇರು ಹಾಕಿ ಗೇಟಿನ ತನಕ ಹೊರಗೆ ತಂದಳು, ಮತ್ತೆ ಹಿಂದಕ್ಕೆ ತೆಗೆದಳು, ಸ್ವಲ್ಪ ತಿರುಗಿಸಿ, ಕಾದು, ಸ್ವಲ್ಪ ತಿರುಗಿಸಿ. ಅಪ್ಪ ಮತ್ತೆ ಸುತ್ತು ಹಾಕಿ ಬಂದ, ತಲೆಯಾಡಿಸಿದ. ಅಬು ಸಾಲೇಂ ಚಹಾ ಕುಡಿಯಲು ಕರೆಯಬೇಕೆಂದು ಬಾಗಿಲಿಗೆ ಬಂದವನು ಸ್ವಲ್ಪ ಹೊತ್ತು ನೋಡಿದ. ನಗಲಿಲ್ಲ. ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡು ಒಳಗೆ ಹೋದ. ಈಗ ಅಪ್ಪನಿಲ್ಲ, ಊರಿಗೆ ಹೋಗಿ ಮೂರು ವರ್ಷವೂ ತಾಳಲಿಲ್ಲ ಅವನು. ಅಮ್ಮ ಹುಬ್ಬಳ್ಳಿಯಲ್ಲಿ ಶಾಂಭವಿಯ ಮನೆಯಲ್ಲಿದ್ದಾಳೆ. ನಾನು ನನ್ನ ಸ್ವಂತ ಇಕಾಮಾದ ಮೇಲೆ ಇಲ್ಲಿಗೆ ಬಂದು ಬ್ನೇದ್ ಅಲ್ ಗಾರಿನ ಒಂದು ಫ್ಲ್ಯಾಟಿನಲ್ಲಿದ್ದೇನೆ. ಅಬು ಸಾಲೇಮನ ಅಂಗಳ ಇದ್ದಲ್ಲಿ ಹೊಸ ಮನೆಗಳೆದ್ದಿವೆ, ಹೋಗಿ ನೋಡಿದರೂ ಯಾವ ಗೋಡೆ ಎಲ್ಲಿತ್ತೆಂದು ತಿಳಿಯಲಿಲ್ಲ. ಆದರೆ ಆ ಮಧ್ಯಾಹ್ನ ಇಳಿದು ಸಂಜೆಯಾಗುವವರೆಗೆ ನಾವಿಬ್ಬರು ಅಕ್ಕತಂಗಿಯರು ಗೋಡೆಗೆ ಒರಗಿ ನಿಂತು ನೋಡಿದೆವು. ಅಮ್ಮ ಹೊರಗೆ ತರುತ್ತಿದ್ದಳು, ಒಳಗೆ ಹಾಕುತ್ತಿದ್ದಳು. ಪ್ರತಿ ಸಲವೂ ಅದು ನೆಟ್ಟಗೇ ನಿಲ್ಲುತ್ತಿತ್ತು, ಪ್ರತಿ ಸಲವೂ ಅಪ್ಪ ಸೊಟ್ಟ ಅನ್ನುತ್ತಿದ್ದ.